ಬಂಡೀಪುರದಲ್ಲಿ ಒಂದು ದಿನದ ವ್ಯಾಸಂಗ

ಭಾಷೆ ತಿಳಿಯದ, ಪರಿಚಿತರೊಬ್ಬರೂ ಇಲ್ಲದ ಪರದೇಶದ ಪಟ್ಟಣವೊಂದರಲ್ಲಿ ಒಂದೇ ಒಂದು ದಿನವನ್ನು ಕಳೆಯುವ ಅವಕಾಶ ವಿದ್ಯಾರ್ಥಿಯೊಬ್ಬನಿಗೆ ದೊರೆತರೆ, ಅವನು ಆ ದಿನವನ್ನು ಹೇಗೆ ಉಪಯೋಗಿಸಿಕೊಳ್ಳತಕ್ಕದ್ದು? ಇದಕ್ಕೆ ಎರಡು ದಾರಿಗಳುಂಟು. ಒಬ್ಬನು ಅರಮನೆ, ವಸ್ತುಸಂಗ್ರಹಾಲಯ, ದೊಡ್ಡ ಅಂಗಡಿಬೀದಿ ಇವುಗಳನ್ನು ನೋಡಿ, ಕೆಲವು ಛಾಯಾಚಿತ್ರಗಳನ್ನು ತೆಗೆದುಕೊಂಡು, ಸಂಜೆಯ ರೈಲಿನಲ್ಲಿ ಹಿಂದಿರುಗುವನು. ಮತ್ತೊಬ್ಬನು ಆ ಊರಿಗೆ ನೀರು ಎಲ್ಲಿಂದ ಬರುತ್ತದೆ, ಬೀದಿಯಲ್ಲಿ ಜನರು ಒಬ್ಬರನ್ನೊಬ್ಬರು ಹೇಗೆ ಮಾತನಾಡಿಸುತ್ತಾರೆ, ರಾತ್ರಿ ಎಷ್ಟು ಹೊತ್ತಿಗೆ ಕದವಿಕ್ಕುತ್ತಾರೆ, ಹಿಂದೆ ಇಲ್ಲಿ ವಾಸವಾಗಿದ್ದವರು ಈಗ ಎಲ್ಲಿದ್ದಾರೆ ಎಂದು ವಿಚಾರಿಸುತ್ತ ನಡೆಯುವನು. ಒಂದು ದಿನದಲ್ಲಿ ಊರೆಲ್ಲವನ್ನೂ ತಿಳಿಯುವುದು ಇಬ್ಬರಿಗೂ ಸಾಧ್ಯವಿಲ್ಲ. ಆದರೆ ಎರಡನೆಯವನಿಗೆ ತಾನು ಯಾರ ಮನೆಗೆ ಬಂದಿದ್ದೇನೆಂಬುದಾದರೂ ತಿಳಿದಿರುವುದು.

ಇಂದು ನಾವು ಶ್ರೋತೃಗಳನ್ನು ಕರೆದೊಯ್ಯಬೇಕೆಂದಿರುವ ಪರಪಟ್ಟಣಕ್ಕೆ ಹಡಗನ್ನೇರಿ ಹೋಗಬೇಕಾದುದಿಲ್ಲ. ಅದು ಮೈಸೂರಿನಿಂದ ದಕ್ಷಿಣಕ್ಕೆ ಸುಮಾರು 80 ಕಿಲೋಮೀಟರು ದೂರದಲ್ಲಿ, ಊಟಿಗೆ ಹೋಗುವ ಹೆದ್ದಾರಿಯ ಮೇಲೆಯೇ ಇದೆ. ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿಗೆ ಸೇರಿದ ಅದರ ಹೆಸರಿನಲ್ಲಿ ‘ಪುರ’ವೆಂಬ ಶಬ್ದವೂ ಉಂಟು. ಆದರೆ ಅಲ್ಲಿನ ಪುರಜನರು ನಮ್ಮ ಜಾತಿಯವರಲ್ಲ. ಆನೆ, ಹುಲಿ, ಕಾಟಿ, ಕಡವೆ, ಜಿಂಕೆ, ಕೆನ್ನಾಯಿ, ಮುಸುವ, ನವಿಲು ಮೊದಲಾದುವುಗಳು ಅಲ್ಲಿನ ಪ್ರಜೆಗಳು. ಅವರ ಬೀದಿ, ಅವರ ಭಾಷೆ, ಅವರ ನೀರು, ಅವರ ರಾತ್ರಿ ಇವು ನಮಗೆ ಲಂಡನ್ ನಗರಕ್ಕಿಂತಲೂ ಹೆಚ್ಚು ಅಪರಿಚಿತವಾದುವು. ವರ್ಷಕ್ಕೆ ಲಕ್ಷಾಂತರ ಜನರು ಈ ಪುರದ ನಡುವೆ ಹಾದುಹೋಗುವರು; ಅದನ್ನು ಓದಲು ಒಂದು ದಿನವನ್ನು ಮೀಸಲಿಡುವವರು ವಿರಳ. ಕೆಲವು ವಿದ್ಯಾರ್ಥಿಗಳೊಡನೆ ಫೆಬ್ರವರಿ ತಿಂಗಳ ಕೊನೆಯಲ್ಲಿ ನಾವು ಅಲ್ಲಿ ಕಳೆದ ಒಂದು ದಿನವನ್ನು ಆಧಾರವಾಗಿ ಇಟ್ಟುಕೊಂಡು, ಇಂತಹ ವ್ಯಾಸಂಗವನ್ನು ಹೇಗೆ ಮಾಡಬಹುದೆಂಬುದನ್ನು ಈ ಭಾಷಣದಲ್ಲಿ ವಿವರಿಸುವೆವು.

ಯಾವ ಪಟ್ಟಣವನ್ನಾದರೂ ಅದರ ಬಾಗಿಲಿನಿಂದಲೇ ಓದಲು ಮೊದಲುಮಾಡಬೇಕು. ಗುಂಡ್ಲುಪೇಟೆಯನ್ನೂ ಹಂಗಳವನ್ನೂ ದಾಟಿದ ಮೇಲೆ ಮೇಲುಕಾಮನಹಳ್ಳಿಯಲ್ಲಿ ಅರಣ್ಯ ಇಲಾಖೆಯ ಠಾಣೆಯಿದೆ. ನಾವು ಅಲ್ಲಿಗೆ ಮುಟ್ಟಿದಾಗ ಇನ್ನೂ ನಸುಗತ್ತಲೆ. ತರಕಾರಿಯ ಲಾರಿಗಳೂ ಪ್ರವಾಸಿಗಳ ಕಾರುಗಳೂ ರಸ್ತೆಯ ಎಡಬದಿಯಲ್ಲಿ ಸಾಲಾಗಿ ನಿಂತಿದ್ದುವು. ಚಾಲಕರು ಕಂಬಳಿ ಹೊದೆದು ಚಹ ಕುಡಿಯುತ್ತಿದ್ದರು. ಆರು ಗಂಟೆಗೆ ಅಡ್ಡಗಟ್ಟೆಯನ್ನು ಎತ್ತುವವರೆಗೂ ಎಂತಹ ಅವಸರದವನಾದರೂ ಕಾಯಲೇಬೇಕು. ರಾತ್ರಿ 9 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ ಈ ದಾರಿಯಲ್ಲಿ ವಾಹನಸಂಚಾರವಿಲ್ಲ. ರೋಗಿಗಳನ್ನು ಒಯ್ಯುವ ಗಾಡಿಗಳು ಮತ್ತು ಕೆಲವು ಸರಕಾರಿ ಬಸ್ಸುಗಳು ಮಾತ್ರ ಇದಕ್ಕೆ ಹೊರತು. ಕೋಟೆಯ ಬಾಗಿಲನ್ನು ಇರುಳು ಮುಚ್ಚಿ ಹಗಲು ತೆರೆಯುತ್ತಿದ್ದ ಕಾಲದ ಸಂಗತಿಯನ್ನು ನಾವು ಪುಸ್ತಕಗಳಲ್ಲಿ ಓದಿರುವೆವಷ್ಟೆ. ಆ ಪದ್ಧತಿ ಇಂದಿಗೂ ಜಾರಿಯಲ್ಲಿರುವ ಪುರವಿದು. ಆದರೆ ಇಲ್ಲಿ ಬಾಗಿಲು ಮುಚ್ಚುವುದು ಶತ್ರುಗಳ ಭಯದಿಂದಲ್ಲ, ನಮ್ಮ ಭಯದಿಂದ. ಈ ವಿಷಯಕ್ಕೆ ಕೊನೆಯಲ್ಲಿ ಮತ್ತೆ ಬರುವೆವು.

ಬಾಗಿಲಿನಲ್ಲಿ ಕಾಯುವ ಹೊತ್ತಿನಲ್ಲಿ ಊರಿನ ಪೂರ್ವಚರಿತ್ರೆಯನ್ನು ಸ್ವಲ್ಪ ನೆನೆಯಬಹುದು. ಗುಂಡ್ಲುಪೇಟೆಗೆ ಹಿಂದೆ ವಿಜಯಪುರವೆಂಬ ಹೆಸರಿದ್ದಿತು. ಅದರ ಸಮೀಪದ ಹಂಗಳದಲ್ಲಿ ಚಿಕ್ಕದೇವರಾಜ ಒಡೆಯರು ತಮ್ಮ ಯೌವನದ ದಿನಗಳನ್ನು ತಂದೆಯೊಡನೆ ಕಾವಲಿನಲ್ಲಿ ಕಳೆದರೆಂದೂ, ಮುಂದೆ ಅವರ ಮಂತ್ರಿಯಾದ ಯಳಂದೂರಿನ ವಿಶಾಲಾಕ್ಷ ಪಂಡಿತನು ಅಲ್ಲಿ ಅವರ ಒಡನಾಡಿಯಾಗಿದ್ದನೆಂದೂ ಇತಿಹಾಸಕಾರರು ಬರೆದಿರುವರು. 1673ರಲ್ಲಿ ಪಟ್ಟವೇರಿದ ಆ ದೊರೆಯ ರಾಜನೀತಿಯ ಮೊದಲ ಪಾಠಗಳು ಈ ಕಾಡಿನಂಚಿನ ಹಳ್ಳಿಯಲ್ಲಿಯೇ ನಡೆದಿರಬೇಕು. ಕಾಡಿನ ಪಾಲಿಗೆ ಮುಖ್ಯವಾದ ವರ್ಷ 1931. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಆ ವರ್ಷ ಸುಮಾರು 90 ಚದರ ಕಿಲೋಮೀಟರು ಪ್ರದೇಶವನ್ನು ವೇಣುಗೋಪಾಲ ವನ್ಯಮೃಗ ಉದ್ಯಾನವೆಂದು ಕರೆದು ರಕ್ಷಿಸಲಾಯಿತು. ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರೇ ಉದ್ಯಾನಕ್ಕೆ ಬಂದಿತು. 1973ರಲ್ಲಿ ಭಾರತ ಸರಕಾರವು ಹುಲಿ ಯೋಜನೆಯನ್ನು ಆರಂಭಿಸಿದಾಗ ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಈಗ ಅದರ ಮುಖ್ಯಭಾಗದ ವಿಸ್ತೀರ್ಣವೇ ಸುಮಾರು 870 ಚದರ ಕಿಲೋಮೀಟರು.

ಇನ್ನು ನೆರೆಹೊರೆ. ದಕ್ಷಿಣದಲ್ಲಿ ಮೋಯಾರ್ ನದಿಯು ಆಳವಾದ ಕಂದರವನ್ನು ಕೊರೆದುಕೊಂಡು ಹರಿಯುವುದು; ಅದರಾಚೆಗೆ ತಮಿಳುನಾಡಿನ ಮುದುಮಲೆ. ನೈರುತ್ಯದಲ್ಲಿ ಕೇರಳದ ವಯನಾಡು. ವಾಯವ್ಯದಲ್ಲಿ ಕಬಿನಿಯ ನೀರು; ಅದರಾಚೆಗೆ ನಾಗರಹೊಳೆ. ಇವೆಲ್ಲವೂ ಸೇರಿ 1986ರಲ್ಲಿ ಘೋಷಿತವಾದ ನೀಲಗಿರಿ ಜೀವಗೋಳ ಮೀಸಲು ಪ್ರದೇಶದ ಭಾಗಗಳು. ರಾಜ್ಯಗಳ ಗಡಿಗಳು ಭೂಪಟದಲ್ಲಿ ಉಂಟು. ಆನೆಗೆ ಅವು ಗೊತ್ತಿಲ್ಲ. ಏಷ್ಯದ ಆನೆಗಳ ಅತಿ ದೊಡ್ಡ ಸಂತತಿಯು ಬಾಳುತ್ತಿರುವುದು ಹೀಗೆ ಒಂದಕ್ಕೊಂದು ಹೆಣೆದುಕೊಂಡಿರುವ ಈ ಕಾಡುಗಳಲ್ಲಿಯೇ. ಆದುದರಿಂದ ಬಂಡೀಪುರವನ್ನು ಒಂಟಿಯಾದ ಊರೆಂದು ತಿಳಿಯದೆ, ದೊಡ್ಡ ಮಹಾನಗರವೊಂದರ ನಡುವಣ ಪೇಟೆಯೆಂದು ತಿಳಿಯುವುದು ಮೇಲು.

ಕಾಡಿನೊಳಕ್ಕೆ ಇಲಾಖೆಯವರು ಒಪ್ಪಿದ ವಾಹನದಲ್ಲಿ, ಅವರು ಗೊತ್ತುಮಾಡಿದ ಹೊತ್ತಿನಲ್ಲಿ ಮಾತ್ರ ಹೋಗತಕ್ಕದ್ದು. ನಮ್ಮ ವಿದ್ಯಾರ್ಥಿಗಳೆಲ್ಲರೂ ಹತ್ತಿದೊಡನೆ ಕೇಳಿದ ಪ್ರಶ್ನೆ ಒಂದೇ: ಹುಲಿ ಕಾಣುವುದೆ? ಇದು ಪರಪಟ್ಟಣಕ್ಕೆ ಹೋದವನು ರೈಲಿನಿಂದಿಳಿದೊಡನೆ, ಇಲ್ಲಿನ ದೊರೆಯ ದರ್ಶನವಾಗುವುದೆ ಎಂದು ಕೇಳಿದಂತೆ. 2022ರ ಗಣತಿಯ ಪ್ರಕಾರ ಈ ಮೀಸಲಿನಲ್ಲಿ 150 ಹುಲಿಗಳಿದ್ದುವು. ದೇಶದ ಹುಲಿ ಮೀಸಲುಗಳ ಪೈಕಿ ಕಾರ್ಬೆಟ್ ಒಂದರಲ್ಲಿ ಮಾತ್ರವೇ ಇದಕ್ಕಿಂತ ಹೆಚ್ಚಾಗಿದ್ದುದು. ಆದರೂ ಹುಲಿಯನ್ನು ಕಾಣದೆ ಹಿಂದಿರುಗುವವರು ಅನೇಕರು. ಒಂಟಿಯಾಗಿ ತನ್ನ ಸೀಮೆಯಲ್ಲಿ ಸಂಚರಿಸುವ, ಬಹುಮಟ್ಟಿಗೆ ಇರುಳಿನಲ್ಲಿ ಬೇಟೆಯಾಡುವ ಪ್ರಾಣಿ ಅದು. ಹಿಂದೆ ಅದರ ಹೆಜ್ಜೆಯ ಗುರುತುಗಳಿಂದ ಲೆಕ್ಕ ಹಾಕುತ್ತಿದ್ದರು. ಹುಲಿಯ ಮೈಮೇಲಿನ ಪಟ್ಟೆಗಳು ನಮ್ಮ ಬೆರಳಿನ ರೇಖೆಗಳಂತೆ ಒಂದಕ್ಕಿರುವಂತೆ ಮತ್ತೊಂದಕ್ಕಿರುವುದಿಲ್ಲವಾದುದರಿಂದ, ದಾರಿಯ ಬದಿಯಲ್ಲಿ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನಿಟ್ಟು ಎಣಿಸುವ ಕ್ರಮವು ಈಗ ಬಳಕೆಯಲ್ಲಿದೆ. ಈ ಕ್ರಮವನ್ನು 1990ರ ದಶಕದಲ್ಲಿ ನೆರೆಯ ನಾಗರಹೊಳೆಯಲ್ಲಿ ಶಾಸ್ತ್ರೀಯವಾಗಿ ರೂಢಿಗೆ ತಂದವರು ನಮ್ಮ ನಾಡಿನವರೇ ಆದ ಕೆ. ಉಲ್ಲಾಸ ಕಾರಂತರು.

ದೊರೆಯನ್ನು ಬಿಟ್ಟು ಬೀದಿಯನ್ನು ನೋಡೋಣ. ಬೆಳಗಿನ ಮಂಜಿನಲ್ಲಿ ಮಣ್ಣಿನ ದಾರಿಯು ಒಂದು ವೃತ್ತಪತ್ರಿಕೆಯಂತಿರುವುದು. ರಾತ್ರಿಯೆಲ್ಲ ಯಾರು ಬಂದರು, ಯಾರು ಹೋದರು ಎಂಬ ವರ್ತಮಾನ ಅದರಲ್ಲಿ ಅಚ್ಚಾಗಿರುವುದು. ಆನೆಯ ಹೆಜ್ಜೆಯ ಅಗಲವಾದ ಬಟ್ಟಲು, ಕಾಟಿಯ ಗೊರಸು, ಕರಡಿಯ ಪಾದ ಮನುಷ್ಯನ ಪಾದದಂತೆಯೇ ಕಂಡರೂ ಮುಂದೆ ಉದ್ದನೆಯ ಉಗುರಿನ ಗೀರು ಇವೆಲ್ಲವನ್ನೂ ಮಾರ್ಗದರ್ಶಿಯು ಗಾಡಿಯನ್ನು ನಿಲ್ಲಿಸಿ ತೋರಿಸಿದನು. ಹುಲಿಯೂ ಕೆನ್ನಾಯಿಯೂ ಪೊದೆಗಳ ನಡುವೆ ನುಸುಳುವುದಕ್ಕಿಂತ ಇಂತಹ ದಾರಿಯಲ್ಲಿ ನಡೆಯುವುದನ್ನೇ ಮೆಚ್ಚುತ್ತವೆ. ಕಾಲಿಗೆ ಮುಳ್ಳಿಲ್ಲ, ಸದ್ದಿಲ್ಲ. ಹುಲಿಯು ದಾರಿಯ ಬದಿಯ ಮರಕ್ಕೆ ತನ್ನ ವಾಸನೆಯನ್ನು ಎರಚಿ, ನೆಲವನ್ನು ಕೆರೆದು, ಇದು ನನ್ನ ಸೀಮೆ ಎಂದು ಫಲಕ ಹಾಕಿ ಹೋಗುತ್ತದೆ. ನಾವು ನಮಗಾಗಿ ಮಾಡಿಕೊಂಡೆವೆಂದು ತಿಳಿದಿರುವ ದಾರಿಯು ಅವುಗಳಿಗೂ ರಾಜಬೀದಿಯೇ. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಬೀದಿಯಾದ ಮೇಲೆ ಭಾಷೆ. ದಿಂಡಿಗದ ಮರವೊಂದರ ಮೇಲೆ ಮುಸುವಗಳ ಗುಂಪೊಂದು ಎಲೆ ಮೇಯುತ್ತಿದ್ದಿತು. ಕೆಳಗೆ ಹತ್ತಿಪ್ಪತ್ತು ಚುಕ್ಕೆ ಜಿಂಕೆಗಳು. ಮುಸುವವು ಧಾರಾಳಿ, ಅರ್ಧ ತಿಂದು ಅರ್ಧ ಬಿಸಾಡುವುದು. ಬಿದ್ದ ಎಲೆಯೂ ಹಣ್ಣೂ ಜಿಂಕೆಯ ಪಾಲು. ಇದರ ಬದಲಿಗೆ ಜಿಂಕೆ ಕೊಡುವುದೇನು? ಮೂಗು ಮತ್ತು ಕಿವಿ. ಮೇಲಿರುವ ಮುಸುವಕ್ಕೆ ದೂರದ ನೋಟ ಚೆನ್ನಾಗಿದೆ. ಕೆಳಗಿರುವ ಜಿಂಕೆಗೆ ವಾಸನೆ ಚೆನ್ನಾಗಿ ಹತ್ತುತ್ತದೆ. ಮುಸುವವು ಗಂಟಲಿನಿಂದ ಖರ್ ಎಂದು ಕೆಮ್ಮಿದರೆ ಜಿಂಕೆಗಳು ತಲೆಯೆತ್ತುವುವು. ಜಿಂಕೆ ಚುರುಕಾಗಿ ಕೂಗಿದರೆ ಮುಸುವವು ಕೊಂಬೆಯಿಂದ ಮೇಲಿನ ಕೊಂಬೆಗೆ ನೆಗೆಯುವುದು. ಇನ್ನು ಕಡವೆಯು ಕಂಚಿನ ಪಾತ್ರೆಯನ್ನು ಹೊಡೆದಂತೆ ಒಂದೇ ಸಲ ಢಾಂಕ್ ಎಂದು ಕೂಗಿತೆಂದರೆ ಕಾಡಿನವರು ಅದನ್ನು ಹೆಚ್ಚು ನೆಚ್ಚುವರು; ಜಿಂಕೆಯಾದರೋ ಸುಮ್ಮನೆ ಬೆದರಿಯೂ ಕೂಗೀತು, ಕಡವೆ ಸುಮ್ಮನೆ ಕೂಗುವುದು ಅಪೂರ್ವ. ಆನೆಗಳಾದರೋ ನಮ್ಮ ಕಿವಿಗೆ ನಿಲುಕದಷ್ಟು ತಗ್ಗಿದ ದನಿಯಲ್ಲಿ ದೂರದಲ್ಲಿರುವ ಬಂಧುಗಳೊಡನೆ ಮಾತನಾಡಬಲ್ಲುವೆಂಬುದನ್ನು ವಿಜ್ಞಾನಿಗಳು 1980ರ ದಶಕದಲ್ಲಿ ಕಂಡುಹಿಡಿದರು. ಕಾಡು ನಿಶ್ಶಬ್ದವಾಗಿದೆಯೆಂದು ನಾವು ಹೇಳುವುದು, ಕನ್ನಡ ಬಾರದವನು ನಮ್ಮ ಸಂತೆಯಲ್ಲಿ ನಿಂತು ಇಲ್ಲಿ ಯಾರೂ ಏನೂ ಹೇಳುತ್ತಿಲ್ಲವೆಂದಂತೆ.

ಈ ಭಾಷೆಯನ್ನು ಕಲಿಯಲು ಒಂದು ದಿನ ಸಾಲದು. ಎಷ್ಟು ದಿನ ಬೇಕೆಂಬುದಕ್ಕೆ ಬಂಡೀಪುರದಲ್ಲಿಯೇ ಒಂದು ದೃಷ್ಟಾಂತವುಂಟು. ಶಿವಕಾಶಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕರಾಗಿದ್ದ ಎ. ಜೆ. ಟಿ. ಜಾನ್‌ಸಿಂಗ್ ಎಂಬವರು 1976ರಲ್ಲಿ ಇಲ್ಲಿಗೆ ಬಂದು, ಸುಮಾರು ಎರಡು ವರ್ಷಗಳ ಕಾಲ, ಬಹುಮಟ್ಟಿಗೆ ಕಾಲ್ನಡಿಗೆಯಲ್ಲಿಯೇ ಕೆನ್ನಾಯಿಗಳನ್ನು ಹಿಂಬಾಲಿಸಿದರು. ಕೆನ್ನಾಯಿಗೆ ಆಗ ಒಳ್ಳೆಯ ಹೆಸರಿರಲಿಲ್ಲ. ಬ್ರಿಟಿಷರ ಕಾಲದಲ್ಲಿ ಅದನ್ನು ಕೊಂದವರಿಗೆ ಬಹುಮಾನ ಕೊಡುತ್ತಿದ್ದರು. ಜಿಂಕೆಗಳನ್ನು ನಿರ್ಮೂಲಮಾಡುವ ಕ್ರೂರ ಪ್ರಾಣಿಯೆಂಬ ನಂಬಿಕೆ ಹರಡಿದ್ದಿತು. ಜಾನ್‌ಸಿಂಗರು ಬೇಟೆಯಾದ ಸ್ಥಳಗಳನ್ನು ಒಂದೊಂದಾಗಿ ಪರೀಕ್ಷಿಸಿ, ಮಲವನ್ನು ಬಿಡಿಸಿ ನೋಡಿ, ಅವು ಬೆಳಗ್ಗೆ ಮತ್ತು ಸಂಜೆ ಗುಂಪಾಗಿ ಬೇಟೆಯಾಡುವ ಕ್ರಮವನ್ನೂ, ಮುಖ್ಯವಾಗಿ ಚುಕ್ಕೆ ಜಿಂಕೆಯನ್ನು ಆಶ್ರಯಿಸಿರುವುದನ್ನೂ, ಬೇಟೆಯಿಂದ ಬಂದವು ಗೂಡಿನಲ್ಲಿರುವ ಮರಿಗಳಿಗೆ ಮಾಂಸವನ್ನು ಕಕ್ಕಿ ಉಣಿಸುವ ಸಂಸಾರಧರ್ಮವನ್ನೂ ವಿವರವಾಗಿ ಬರೆದಿಟ್ಟರು. ಭಾರತೀಯ ವಿಜ್ಞಾನಿಯೊಬ್ಬನು ಸ್ವತಂತ್ರವಾಗಿ ಬಾಳುವ ದೊಡ್ಡ ಸಸ್ತನಿಯೊಂದನ್ನು ಹೀಗೆ ಕಾಡಿನಲ್ಲಿಯೇ ಇದ್ದು ಅಧ್ಯಯನ ಮಾಡಿದವರಲ್ಲಿ ಅವರು ಮೊದಲಿಗರೆಂದು ಪ್ರಸಿದ್ಧರಾದರು. ಮುಂದೆ ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆಯಲ್ಲಿ ಅನೇಕ ಶಿಷ್ಯರನ್ನು ತಯಾರುಮಾಡಿ 2024ರಲ್ಲಿ ತೀರಿಕೊಂಡರು. ನಮ್ಮಂತಹ ಕಾಲೇಜಿನ ಅಧ್ಯಾಪಕರೊಬ್ಬರು, ಬೂಟು, ಪುಸ್ತಕ, ತಾಳ್ಮೆ ಈ ಮೂರರಿಂದ ಇಷ್ಟನ್ನು ಸಾಧಿಸಿದರೆಂಬುದು ನಮ್ಮ ವಿದ್ಯಾರ್ಥಿಗಳಿಗೆ ಹುಲಿಯ ದರ್ಶನಕ್ಕಿಂತಲೂ ಹೆಚ್ಚು ಉಪಯುಕ್ತವಾದ ಸಂಗತಿಯಾಗಿ ತೋರಿತು.

ಹೊತ್ತೇರಿದ ಮೇಲೆ ಊರಿನ ನೀರನ್ನು ವಿಚಾರಿಸಿದೆವು. ಬಂಡೀಪುರವು ಪಶ್ಚಿಮಘಟ್ಟಗಳ ಮರೆಯಲ್ಲಿದೆ. ನೈರುತ್ಯದ ಮಳೆಮೋಡಗಳು ವಯನಾಡಿನಲ್ಲಿ ಬಹುಭಾಗವನ್ನು ಸುರಿದು, ಹಗುರವಾಗಿ ಇಲ್ಲಿಗೆ ಬರುತ್ತವೆ. ಆದುದರಿಂದ ಪಶ್ಚಿಮದಂಚಿನಲ್ಲಿ ಕಾಡು ಎತ್ತರವಾಗಿಯೂ ಪೂರ್ವಕ್ಕೆ ಬಂದಂತೆ ಕುಳ್ಳಾಗಿಯೂ ಮುಳ್ಳಾಗಿಯೂ ಇರುವುದು. ತೇಗ, ಮತ್ತಿ, ಹೊನ್ನೆ, ದಿಂಡಿಗ, ತಾರೆ, ನೆಲ್ಲಿ ಇವುಗಳಲ್ಲಿ ಬಹುಪಾಲು ಬೇಸಿಗೆಯಲ್ಲಿ ಎಲೆಯುದುರಿಸುವ ಮರಗಳು. ನಾವು ಹೋದಾಗ ಮರಗಳೆಲ್ಲ ಬೋಳಾಗಿ, ಅವುಗಳ ನಡುವೆ ಮುತ್ತುಗವೊಂದೇ ಕೆಂಡದಂತೆ ಹೂತಿದ್ದಿತು. ಈ ತಿಂಗಳುಗಳಲ್ಲಿ ಕೆರೆಗಳು ಬತ್ತುವುವು. ದೊಡ್ಡ ಆನೆಯೊಂದಕ್ಕೆ ದಿನಕ್ಕೆ ನೂರು ಲೀಟರಿಗಿಂತ ಹೆಚ್ಚು ನೀರೂ, ನೂರಾರು ಸೇರು ಮೇವೂ ಬೇಕು. ಎಲ್ಲಿ ನೀರಿದೆಯೆಂಬುದನ್ನು ಹಿಂಡಿನ ಹಿರಿಯ ಹೆಣ್ಣಾನೆ ಬಲ್ಲುದು. ಅವಳ ನೆನಪೇ ಹಿಂಡಿನ ಆಸ್ತಿ. 1974ರಲ್ಲಿ ಕಬಿನಿಗೆ ಅಣೆಕಟ್ಟು ಮುಗಿದ ಮೇಲೆ, ಬೇಸಿಗೆಯಲ್ಲಿ ನೀರು ಇಳಿದಂತೆ ಬಯಲಾಗುವ ದಂಡೆಯಲ್ಲಿ ಹಸುರು ಚಿಗುರುವುದರಿಂದ ಸುತ್ತಣ ಕಾಡುಗಳ ಆನೆಗಳು ಅಲ್ಲಿ ನೂರಾರು ಸಂಖ್ಯೆಯಲ್ಲಿ ಸೇರುವುವು. ಬಂಡೀಪುರದೊಳಗೆ ಈಗ ಇಲಾಖೆಯವರು ಸೂರ್ಯನ ಬಿಸಿಲಿನಿಂದ ನಡೆಯುವ ಪಂಪುಗಳನ್ನಿಟ್ಟು ಕೆಲವು ಕೆರೆಗಳಿಗೆ ನೀರು ತುಂಬಿಸುತ್ತಿರುವರು.

ಮೇವಿನ ಸಂಗತಿ ಇಷ್ಟು ಸುಲಭವಲ್ಲ. ದಾರಿಯ ಎರಡು ಬದಿಗಳಲ್ಲಿಯೂ ಆಳೆತ್ತರಕ್ಕೆ ಹಬ್ಬಿ, ಗುಲಾಬಿ, ಹಳದಿ ಬಣ್ಣಗಳ ಪುಟ್ಟ ಹೂಗಳಿಂದ ಶೋಭಿಸುವ ಗಿಡವನ್ನು ಕಂಡು ವಿದ್ಯಾರ್ಥಿನಿಯೊಬ್ಬಳು ಬಹಳ ಸುಂದರವಾಗಿದೆಯೆಂದಳು. ಮಾರ್ಗದರ್ಶಿಯು ನಕ್ಕನು. ಅದು ಲಂಟಾನ. ಅಮೆರಿಕ ಖಂಡದ ಈ ಗಿಡವನ್ನು 1809ರ ಸುಮಾರಿಗೆ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಾರ್ಥವಾಗಿ ತಂದರು. ಬೇಲಿಗಳಿಂದ ಕಾಡಿಗೆ ನುಗ್ಗಿ ಅದು ಇಂದು ಬಂಡೀಪುರದ ಬಹುಭಾಗವನ್ನು ಆಕ್ರಮಿಸಿರುವುದು. ಅದರ ಎಲೆ ಜಿಂಕೆಗೂ ಬೇಡ, ಕಾಟಿಗೂ ಬೇಡ. ಅದರ ನೆರಳಿನಲ್ಲಿ ಹುಲ್ಲು ಬೆಳೆಯದು. ಹಣ್ಣನ್ನು ತಿಂದ ಹಕ್ಕಿಗಳು ಬೀಜವನ್ನು ಮತ್ತಷ್ಟು ದೂರ ಹರಡುವುವು. ಒಣಗಿದಾಗ ಅದು ಸೌದೆಯ ರಾಶಿಯಂತಾಗಿ, ನೆಲದ ಮೇಲೆ ಹರಿಯಬೇಕಾದ ಬೆಂಕಿಯನ್ನು ಮರಗಳ ತಲೆಯವರೆಗೂ ಏರಿಸುವುದು. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತಮುತ್ತ ಹೊತ್ತಿದ ಬೆಂಕಿಯಲ್ಲಿ ಸಾವಿರಾರು ಎಕರೆ ಕಾಡು ಸುಟ್ಟುಹೋದುದನ್ನು ಶ್ರೋತೃಗಳು ಮರೆತಿರಲಾರರು. ಪರದೇಶದಿಂದ ಬಂದ ಅತಿಥಿಯು ಮನೆಯವರ ಅನ್ನವನ್ನೇ ಕಸಿದುಕೊಂಡ ಕಥೆಯಿದು.

ಮಧ್ಯಾಹ್ನ ಹಂಗಳಕ್ಕೆ ಹಿಂದಿರುಗಿ, ಅಲ್ಲಿಂದ ಕವಲೊಡೆಯುವ ದಾರಿಯಲ್ಲಿ ಹಿಮವದ್ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದೆವು. ಬುಡದಲ್ಲಿ ನಮ್ಮ ವಾಹನವನ್ನು ಬಿಟ್ಟು ಸರಕಾರಿ ಬಸ್ಸಿನಲ್ಲಿಯೇ ಏರಬೇಕು. ಸುಮಾರು 1,450 ಮೀಟರು ಎತ್ತರದ ಈ ಬೆಟ್ಟವೇ ಬಂಡೀಪುರದ ಅತಿ ಎತ್ತರವಾದ ಸ್ಥಾನ. ಕೊಳಲನೂದುವ ಗೋಪಾಲಸ್ವಾಮಿಯ ಗುಡಿಯು ಹೊಯ್ಸಳರ ಕಾಲದ್ದೆಂದು ಪ್ರತೀತಿ. ಇಲ್ಲಿನ ಹಂಸತೀರ್ಥದಲ್ಲಿ ಮುಳುಗಿದ ಕಾಗೆಯೊಂದು ಹಂಸವಾಯಿತೆಂದೂ, ಅಂದಿನಿಂದ ಬೆಟ್ಟದ ಮೇಲೆ ಕಾಗೆಗಳೇ ಇಲ್ಲವೆಂದೂ ಜನರು ಹೇಳುವರು. ನಮ್ಮ ವ್ಯಾಸಂಗಕ್ಕೆ ಬೇಕಾದುದು ಗುಡಿಯ ಮುಂದಿನಿಂದ ಕಾಣುವ ನೋಟ. ಪರಪಟ್ಟಣದಲ್ಲಿ ಗೋಪುರವೊಂದನ್ನೇರಿ ಊರಿನ ನಕ್ಷೆಯನ್ನು ನೋಡುವಂತೆ, ಇಲ್ಲಿ ನಿಂತರೆ ಒಂದು ಕಡೆಗೆ ನೀಲಗಿರಿಯ ಸಾಲಿನವರೆಗೂ ಕಾಡು. ಇನ್ನೊಂದು ಕಡೆಗೆ ಹೊಲಗಳು. ನಡುವೆ ಗೆರೆಯೆಳೆದಂತೆ ಎಲ್ಲೆ. ಕಾಡಿನ ಕಂದು ಬಣ್ಣವು ನಿಂತಲ್ಲಿಯೇ ಹೊಲದ ಬಣ್ಣವು ಆರಂಭವಾಗುವುದು. ಮಳೆಗಾಲದಲ್ಲಿ ಈ ಹೊಲಗಳು ಚೆಂಡುಹೂ, ಸೂರ್ಯಕಾಂತಿಗಳಿಂದ ತುಂಬಿ, ನೋಡಲು ಕೇರಳದಿಂದಲೂ ಜನರು ಬರುವುದುಂಟು.

ಆ ಎಲ್ಲೆಯ ಮೇಲೆ ಬಾಳುವವರನ್ನು ಮಾತನಾಡಿಸದೆ ಊರನ್ನು ಓದಿದೆವೆನ್ನಲಾಗದು. ಇಳಿದು ಬಂದ ಮೇಲೆ ಕಾಡಂಚಿನ ಹೊಲದಲ್ಲಿ ಒಬ್ಬ ರೈತನು ನಮಗೆ ತನ್ನ ಅಟ್ಟಣೆಯನ್ನು ತೋರಿಸಿದನು. ಬೆಳೆ ಕೊಯ್ಲಿಗೆ ಬಂದ ವಾರಗಳಲ್ಲಿ ಅವನು ರಾತ್ರಿಯೆಲ್ಲ ಅದರ ಮೇಲೆ ಕುಳಿತು ಆನೆಯನ್ನೂ ಹಂದಿಯನ್ನೂ ಕಾಯುವನು. ಕಂದಕ ತೋಡಿದ್ದಾಗಿದೆ, ಹಳೆಯ ರೈಲುಕಂಬಿಗಳ ಬೇಲಿಯನ್ನೂ ಕೆಲವು ಕಡೆ ಹಾಕಿದ್ದಾಗಿದೆ. ಆನೆಯು ಕಂದಕದ ದಡವನ್ನು ಕಾಲಿನಿಂದ ಕೆಡವಿ ಇಳಿದು ದಾಟುವುದನ್ನು ಕಲಿತಿದೆಯೆಂದು ಅವನು ಹೇಳಿದಾಗ ಆ ಮಾತಿನಲ್ಲಿ ಸಿಟ್ಟಿನೊಡನೆ ಸ್ವಲ್ಪ ಮೆಚ್ಚಿಕೆಯೂ ಇದ್ದಿತು. ಹುಲಿಯು ದನವನ್ನು ಹೊತ್ತ ಮನೆಯಲ್ಲಿಯೂ, ಮನುಷ್ಯನನ್ನೇ ಕೊಂದ ಮನೆಯಲ್ಲಿಯೂ ಅಂತಹ ಮೆಚ್ಚಿಕೆಯನ್ನು ನಿರೀಕ್ಷಿಸಲಾಗದು. ನಗರದಲ್ಲಿ ಕುಳಿತು ವನ್ಯಮೃಗಗಳ ಮೇಲೆ ಪ್ರೀತಿಯನ್ನು ಪ್ರಕಟಿಸುವುದಕ್ಕೆ ಖರ್ಚಿಲ್ಲ. ಆ ಪ್ರೀತಿಯ ಬೆಲೆಯನ್ನು ನಿದ್ದೆಯಿಂದಲೂ ಬೆಳೆಯಿಂದಲೂ ತೆರುವವರು ಈ ಹಳ್ಳಿಗಳವರು.

ಇವರಿಗಿಂತ ಹೆಚ್ಚಿನ ಬೆಲೆ ತೆತ್ತವರೂ ಉಂಟು. ಈ ಕಾಡಿನಲ್ಲಿ ಮೊದಲಿನಿಂದ ವಾಸವಾಗಿದ್ದವರು ಜೇನುಕುರುಬರು, ಬೆಟ್ಟಕುರುಬರು, ಸೋಲಿಗರು. ಹುಲಿ ಯೋಜನೆಯು ಬಂದ ಮೇಲೆ ಅನೇಕ ಹಾಡಿಗಳನ್ನು ಕಾಡಿನಿಂದ ಎತ್ತಿ ಅಂಚಿಗೆ ತಂದಿರಿಸಿದರು. ಜೇನು ಯಾವ ಮರದಲ್ಲಿ ಕಟ್ಟುತ್ತದೆ, ಯಾವ ತಿಂಗಳಲ್ಲಿ ಯಾವ ಗೆಡ್ಡೆ ಸಿಗುತ್ತದೆ, ಆನೆಯ ಹಿಂಡು ಯಾವ ಕಣಿವೆಯಲ್ಲಿ ಇಳಿಯುತ್ತದೆ ಎಂದು ತಲೆಮಾರುಗಳಿಂದ ತಿಳಿದಿದ್ದ ಜನರು ಅವರು. ಅಂದರೆ ಮನುಷ್ಯರಲ್ಲಿ ಈ ಪುರದ ಭಾಷೆ ಬಲ್ಲವರು ಅವರೇ. ಇಂದು ಅವರಲ್ಲಿ ಹಲವರು ಬೆಂಕಿ ಕಾಯುವ ದಿನಗೂಲಿಗಳಾಗಿಯೂ, ಜಾಡು ಹಿಡಿಯುವವರಾಗಿಯೂ ಅದೇ ಕಾಡಿನಲ್ಲಿ ದುಡಿಯುತ್ತಿರುವರು. ಇದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹಿರಿಯರು ಹೇಳುವ ಮಾತೊಂದು ವಿಚಾರಯೋಗ್ಯವಾಗಿದೆ. ಹಿಂದೆ ತಾವು ವರ್ಷದ ಮೊದಲಲ್ಲಿಯೇ, ನೆಲದಲ್ಲಿ ಇನ್ನೂ ತೇವವಿರುವಾಗ, ತರಗೆಲೆಗೆ ಸಣ್ಣ ಬೆಂಕಿಯನ್ನು ಹಚ್ಚುತ್ತಿದ್ದೆವು; ಅದರಿಂದ ಹುಲ್ಲು ಚಿಗುರುತ್ತಿದ್ದಿತು, ಲಂಟಾನ ತಲೆಯೆತ್ತುತ್ತಿರಲಿಲ್ಲ; ಸಣ್ಣ ಬೆಂಕಿಯನ್ನು ನಿಷೇಧಿಸಿದ್ದರಿಂದ ದೊಡ್ಡ ಬೆಂಕಿ ಬಂದಿತು ಎಂಬುದು ಅವರ ಅಭಿಪ್ರಾಯ. ಇದನ್ನು ಒಪ್ಪುವ ಸಂಶೋಧಕರುಂಟು, ಸಂದೇಹಿಸುವ ಅಧಿಕಾರಿಗಳುಂಟು. 2006ರ ಅರಣ್ಯ ಹಕ್ಕುಗಳ ಕಾಯ್ದೆಯ ಪ್ರಕಾರ ಆ ಸೋಲಿಗರಿಗೆ 2011ರಲ್ಲಿ ಸಾಮೂಹಿಕ ಹಕ್ಕುಗಳು ದೊರೆತುವು. ಹುಲಿ ಮೀಸಲೊಂದರೊಳಗೆ ಇಂತಹ ಹಕ್ಕುಗಳನ್ನು ಮನ್ನಿಸಿದ್ದು ದೇಶದಲ್ಲಿ ಅದೇ ಮೊದಲು. ಪಟ್ಟಣದ ಹಳೆಯ ನಿವಾಸಿಗಳನ್ನು ಕೇಳದೆ ಪಟ್ಟಣದ ಯೋಜನೆಯನ್ನು ಬರೆಯಬಾರದೆಂಬ ಮಾತು ಕಾಡಿಗೂ ಸಲ್ಲುವುದು.

ಸಂಜೆಯಾಯಿತು. ಬೆಳಿಗ್ಗೆ ಬಿಟ್ಟುಬಂದ ಬಾಗಿಲಿನ ವಿಷಯಕ್ಕೆ ಈಗ ಹಿಂದಿರುಗೋಣ. ಗುಂಡ್ಲುಪೇಟೆಯಿಂದ ಎರಡು ಹೆದ್ದಾರಿಗಳು ಈ ಕಾಡನ್ನು ಸೀಳಿಕೊಂಡು ಹೋಗುವುವು. ಒಂದು ಬಂಡೀಪುರದ ಮೂಲಕ ಊಟಿಗೆ. ಇನ್ನೊಂದು ಮದ್ದೂರು, ಮೂಲೆಹೊಳೆಗಳ ಮೂಲಕ ಸುಲ್ತಾನ್ ಬತೇರಿಗೂ ಕಲ್ಲಿಕೋಟೆಗೂ. ವಾಹನಗಳು ಹೆಚ್ಚಿದಂತೆ ರಾತ್ರಿಯಲ್ಲಿ ಚಕ್ರಕ್ಕೆ ಸಿಕ್ಕಿ ಸಾಯುವ ಪ್ರಾಣಿಗಳೂ ಹೆಚ್ಚಿದುವು. 2009ರಲ್ಲಿ ಚಾಮರಾಜನಗರದ ಜಿಲ್ಲಾಡಳಿತವು ರಾತ್ರಿಯ ಸಂಚಾರವನ್ನು ನಿಲ್ಲಿಸಿತು. 2010ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಕೇರಳವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 2019ರಲ್ಲಿ ವಯನಾಡಿನಲ್ಲಿ ದೊಡ್ಡ ಪ್ರತಿಭಟನೆಗಳಾದುವು.

ವಯನಾಡಿನವರ ಅಹವಾಲನ್ನು ತಳ್ಳಿಹಾಕುವುದು ನ್ಯಾಯವಲ್ಲ. ಅಲ್ಲಿಗೆ ರೈಲುಮಾರ್ಗವಿಲ್ಲ. ಮೈಸೂರಿನ ಆಸ್ಪತ್ರೆ, ಬೆಂಗಳೂರಿನ ಕೆಲಸ, ಗುಂಡ್ಲುಪೇಟೆಯ ತರಕಾರಿ ಇವೆಲ್ಲಕ್ಕೂ ಇದೇ ನೇರವಾದ ದಾರಿ. ಹುಣಸೂರು, ಗೋಣಿಕೊಪ್ಪ, ಕುಟ್ಟ, ಮಾನಂದವಾಡಿಗಳ ಮೇಲೆ ಹೋಗುವ ಬದಲಿ ದಾರಿಯುಂಟಾದರೂ ಅದು ಸುತ್ತು. ರಾತ್ರಿಯ ಒಂಬತ್ತು ಗಂಟೆಗಳೆಂದರೆ ಮನುಷ್ಯನ ವ್ಯಾಪಾರಕ್ಕೆ ಸಣ್ಣ ನಷ್ಟವಲ್ಲ. ಆದರೆ ಪುರಜನರ ಪಕ್ಷವನ್ನೂ ಕೇಳಬೇಡವೆ? ಅವರು ವಕೀಲರನ್ನು ಕಳುಹಿಸಲಾರರು. ಹಗಲಿನ ಹದಿನೈದು ಗಂಟೆಗಳನ್ನು ನಾವು ತೆಗೆದುಕೊಂಡಾಗಿದೆ. ನೀರಿಗಾಗಿ ದಾರಿ ದಾಟುವ ಆನೆ, ಬಯಲೆಂದು ರಸ್ತೆಯ ಬದಿಯಲ್ಲಿ ಮಲಗುವ ಜಿಂಕೆ, ರಾಜಬೀದಿಯೆಂದು ದಾರಿಯಲ್ಲಿಯೇ ನಡೆಯುವ ಹುಲಿ ಇವಕ್ಕೆ ಉಳಿದಿರುವುದು ಆ ಒಂಬತ್ತು ಗಂಟೆಗಳು ಮಾತ್ರ. ಎದುರಿನಿಂದ ಬರುವ ದೀಪದ ಬೆಳಕು ಕಣ್ಣಿಗೆ ಕುಕ್ಕಿದಾಗ ಪ್ರಾಣಿಯು ಓಡದೆ ನಿಂತುಬಿಡುವುದು. ನಿಂತ ಕ್ಷಣವೇ ಅದರ ಕೊನೆ. ಸತ್ತದ್ದು ಹೆಣ್ಣಾನೆಯಾಗಿದ್ದರೆ, ಹಿಂಡಿಗೆ ನೀರಿನ ದಾರಿಯನ್ನು ಬಲ್ಲ ನೆನಪೂ ಅದರೊಡನೆ ಹೋಗುವುದು. ಸುತ್ತಿನ ದಾರಿಯು ಮನುಷ್ಯನಿಗೆ ಕೆಲವು ಗಂಟೆಗಳ ತೊಂದರೆಯನ್ನು ಕೊಡುವುದು ನಿಜ. ಆದರೆ ಆ ದಾರಿ ಉಂಟು. ಆನೆಗೆ ಬದಲಿ ದಾರಿಯನ್ನು ಯಾರೂ ಕಟ್ಟಿಕೊಟ್ಟಿಲ್ಲ. ಆದುದರಿಂದ ಬಾಗಿಲನ್ನು ಮುಚ್ಚಿಯೇ ಇಡುವುದು ಲೇಸೆಂದೂ, ಬದಲಿ ದಾರಿಯನ್ನು ಉತ್ತಮಪಡಿಸಿ ವಯನಾಡಿನವರ ಕಷ್ಟವನ್ನು ಕಡಮೆಮಾಡುವುದು ನಮ್ಮ ಹೊಣೆಯೆಂದೂ ನಮಗೆ ತೋರುತ್ತದೆ.

ನಮ್ಮ ವಿದ್ಯಾರ್ಥಿಗಳು ಆ ದಿನ ಹುಲಿಯನ್ನು ಕಾಣಲಿಲ್ಲ. ಮೈಸೂರಿಗೆ ಮರಳುವಾಗ ಅವರ ಪುಸ್ತಕಗಳಲ್ಲಿ ಹೆಜ್ಜೆಗಳ ಚಿತ್ರಗಳು, ಮರಗಳ ಹೆಸರುಗಳು, ಎರಡು ಕೂಗುಗಳ ವಿವರ, ಅಟ್ಟಣೆಯ ರೈತನು ಹೇಳಿದ ಮಾತುಗಳು ಇದ್ದುವು. ಒಂದು ದಿನದ ವ್ಯಾಸಂಗಕ್ಕೆ ಇದು ಕಡಮೆಯೇನೂ ಅಲ್ಲ. ಬಂಡೀಪುರಕ್ಕೆ ಹೋಗುವ ಶ್ರೋತೃಗಳಲ್ಲಿ ನಮ್ಮ ಬಿನ್ನಹವಿಷ್ಟೆ: ಗದ್ದಲವನ್ನು ಮನೆಯಲ್ಲಿ ಬಿಟ್ಟು ಹೋಗಿರಿ, ದಾರಿಯಲ್ಲಿ ಗಾಡಿಯನ್ನು ನಿಲ್ಲಿಸಿ ಕೋತಿಗಳಿಗೆ ತಿಂಡಿಯನ್ನು ಎಸೆಯದಿರಿ, ಹುಲಿ ಕಾಣದಿದ್ದರೆ ಹಣ ವ್ಯರ್ಥವಾಯಿತೆನ್ನದಿರಿ, ಮಾರ್ಗದರ್ಶಿಯನ್ನು ಒಂದೆರಡು ಪ್ರಶ್ನೆಗಳನ್ನಾದರೂ ಕೇಳಿರಿ. ರಾತ್ರಿ ಒಂಬತ್ತಾಗುವ ಮುನ್ನ ಹೊರಗೆ ಬನ್ನಿರಿ. ಪರರ ಊರಿನಲ್ಲಿ ಹೊತ್ತು ಮುಳುಗಿದ ಮೇಲೆ ಅತಿಥಿಯು ಎದ್ದು ಹೊರಡುವುದು ನಮ್ಮ ಹಿರಿಯರಿಂದ ಬಂದ ಮರ್ಯಾದೆಯಷ್ಟೆ.